ಜಾಗತಿಕ ಹಿಂಜರಿತವನ್ನು ತಾಳಿಕೊಂಡ ದೇಶಗಳು ಮೊದಲೇ ಏನು ಮಾಡಿಟ್ಟಿದ್ದವು?

2008ರ ಮೊದಲ ಅರ್ಧದಲ್ಲಿ ತಾಮ್ರದ ಬೆಲೆ ಪೌಂಡ್ ತೂಕಕ್ಕೆ ಹತ್ತಿರಹತ್ತಿರ ನಾಲ್ಕು ಡಾಲರ್ ಮುಟ್ಟಿತ್ತು. ಜಗತ್ತಿನಲ್ಲೇ ಅತಿ ಹೆಚ್ಚು ತಾಮ್ರ ತೆಗೆಯುವ ಚಿಲಿ ದೇಶದ ಬೊಕ್ಕಸ ತುಂಬಿ ತುಳುಕುತ್ತಿತ್ತು. ಸರ್ಕಾರಿ ಗಣಿ ಕಂಪನಿ ಕೊಡೆಲ್ಕೊದ ಲಾಭ ಒಂದು ಕಡೆಯಿಂದ, ಖಾಸಗಿ ಗಣಿಗಳ ತೆರಿಗೆ ಇನ್ನೊಂದು ಕಡೆಯಿಂದ ಬಂದು ಬೀಳುತ್ತಿದ್ದವು. ಇಷ್ಟೊಂದು ದುಡ್ಡಿರುವಾಗ ನಮ್ಮ ಸಂಬಳ ಹೆಚ್ಚಿಸಲು ಏನು ಅಡ್ಡಿ ಎಂದು ನೌಕರರು ಕೇಳುವುದು ಸಹಜವೇ. ಹಣಕಾಸು ಸಚಿವ ಆಂದ್ರೆಸ್ ವೆಲಾಸ್ಕೊ ಜಗ್ಗಲಿಲ್ಲ. ಮುಷ್ಕರ ಹೂಡಿದ ಸರ್ಕಾರಿ ನೌಕರರು ಬೀದಿಯಲ್ಲಿ ಅವರ ಪ್ರತಿಕೃತಿ ಸುಟ್ಟರು. ಅದೇ ವರ್ಷ ಸೆಪ್ಟೆಂಬರ್ 15ರಂದು ನ್ಯೂಯಾರ್ಕ್‌ನಲ್ಲಿ ಲೇಮನ್ ಬ್ರದರ್ಸ್ ಬ್ಯಾಂಕ್ ದಿವಾಳಿಯೆದ್ದಿತು. ವರ್ಷ ಮುಗಿಯುವ ಹೊತ್ತಿಗೆ ತಾಮ್ರದ ಬೆಲೆ ಒಂದೂವರೆ ಡಾಲರ್‌ಗಿಂತ ಕೆಳಗಿತ್ತು.

ವೆಲಾಸ್ಕೊ ಅವರ ಬೆನ್ನಿಗೆ ಒಂದು ಬಜೆಟ್ ನಿಯಮವಿತ್ತು. ಚಿಲಿ ಅದನ್ನು 2001ರಿಂದ ಪಾಲಿಸಿಕೊಂಡು ಬಂದಿತ್ತು. 2006ರಲ್ಲಿ ಅದಕ್ಕೆ ಕಾನೂನಿನ ಬಲವೂ ಸಿಕ್ಕಿತ್ತು. ತಾಮ್ರ ಈ ವರ್ಷ ಎಷ್ಟಕ್ಕೆ ಮಾರಾಟವಾಗುತ್ತಿದೆ ಎಂಬುದನ್ನು ನೋಡಿಕೊಂಡು ಸರ್ಕಾರ ಖರ್ಚು ಮಾಡುವಂತಿಲ್ಲ ಎಂಬುದೇ ಆ ನಿಯಮದ ತಿರುಳು. ಮುಂದಿನ ಹತ್ತು ವರ್ಷಗಳಲ್ಲಿ ತಾಮ್ರದ ಸರಾಸರಿ ಬೆಲೆ ಎಷ್ಟಿರಬಹುದು ಎಂದು ಸರ್ಕಾರದ ಹೊರಗಿನ ತಜ್ಞರ ಸಮಿತಿ ಅಂದಾಜು ಕೊಡುತ್ತದೆ. ಖರ್ಚಿನ ಲೆಕ್ಕ ಹಾಕುವುದು ಆ ಬೆಲೆಯ ಮೇಲೆ. ಮಾರುಕಟ್ಟೆಯ ಬೆಲೆ ಅದಕ್ಕಿಂತ ಮೇಲೇರಿದರೆ ಹೆಚ್ಚಿನ ಹಣ ಒಂದು ನಿಧಿಗೆ ಹೋಗುತ್ತದೆ, ಕೆಳಗಿಳಿದರೆ ನಿಧಿಯಿಂದ ಬೊಕ್ಕಸಕ್ಕೆ ಬರುತ್ತದೆ. ಬೆಳೆ ಕೈತುಂಬಿದ ವರ್ಷ ಹಗೇವು ತುಂಬಿಟ್ಟು ಬರಗಾಲದಲ್ಲಿ ಬಾಯಿ ತೆರೆಯುವ ನಮ್ಮ ಬಯಲುಸೀಮೆಯ ಲೆಕ್ಕಾಚಾರವೇ ಇದು. ಆದರೆ ಚಿಲಿಯಲ್ಲಿ ಎಷ್ಟು ತುಂಬಬೇಕೆಂದು ತೀರ್ಮಾನಿಸುವುದು ಆಳುವವರ ಮರ್ಜಿಯಲ್ಲ.

2008ರ ಕೊನೆಗೆ ಆ ಸ್ಥಿರೀಕರಣ ನಿಧಿಯಲ್ಲಿ ಸುಮಾರು 2,000 ಕೋಟಿ ಡಾಲರ್ ಇತ್ತು. ಮರುವರ್ಷದ ಜನವರಿಯಲ್ಲಿ ಸರ್ಕಾರ 400 ಕೋಟಿ ಡಾಲರ್‌ನ ಉತ್ತೇಜಕ ಪ್ಯಾಕೇಜ್ ಘೋಷಿಸಿತು. ಮಾರ್ಚ್‌ನಲ್ಲಿ ಬಡ ಕುಟುಂಬಗಳಿಗೆ ಪ್ರತಿ ಅವಲಂಬಿತರ ಲೆಕ್ಕದಲ್ಲಿ 40,000 ಪೆಸೊ ನೇರವಾಗಿ ತಲುಪಿತು. 2009ರ ಒಂದೇ ವರ್ಷ ನಿಧಿಯಿಂದ 900 ಕೋಟಿ ಡಾಲರ್‌ಗೂ ಹೆಚ್ಚು ಹಣ ತೆಗೆದರು. ಯಾರ ಮುಂದೆಯೂ ಕೈಯೊಡ್ಡಬೇಕಾಗಲಿಲ್ಲ. ಆ ವರ್ಷ ಚಿಲಿಯ ಆರ್ಥಿಕತೆ ಸುಮಾರು ಶೇ 1.5ರಷ್ಟು ಕುಗ್ಗಿತು. 2010ರ ಫೆಬ್ರುವರಿಯಲ್ಲಿ ಭೀಕರ ಭೂಕಂಪವಾದರೂ ಆ ವರ್ಷ ಬೆಳವಣಿಗೆ ಮತ್ತೆ ಶೇ 5 ದಾಟಿತು.

ಹಿಂಜರಿತ ಬಂದಾಗ ಸರ್ಕಾರಗಳು ಏನು ಮಾಡಿದವು ಎಂಬ ಚರ್ಚೆ ಪತ್ರಿಕೆಗಳಲ್ಲಿ ಧಾರಾಳವಾಗಿ ನಡೆಯುತ್ತದೆ. ಅದಕ್ಕಿಂತ ಮುಂಚಿನ ಐದಾರು ವರ್ಷಗಳಲ್ಲಿ ಏನು ಮಾಡಿದ್ದವು ಎಂಬುದರತ್ತ ನೋಡುವವರು ಕಡಿಮೆ. ನನ್ನ ಮಟ್ಟಿಗೆ ಉತ್ತರದ ಮುಕ್ಕಾಲು ಪಾಲು ಅಲ್ಲಿಯೇ ಇದೆ.

ಶ್ರೀಮಂತ ದೇಶಗಳಲ್ಲಿ ಹುಟ್ಟಿದ ಹಿಂಜರಿತ ಉಳಿದ ದೇಶಗಳನ್ನು ತಲುಪುವ ದಾರಿಗಳು ಕೆಲವೇ. ಅಲ್ಲಿನ ಜನ ಕೊಳ್ಳುವುದನ್ನು ಕಡಿಮೆ ಮಾಡುತ್ತಾರೆ, ಇಲ್ಲಿನ ರಫ್ತು ಇಳಿಯುತ್ತದೆ. ತಾಮ್ರ, ಕಬ್ಬಿಣದ ಅದಿರು, ತೈಲದಂಥ ಕಚ್ಚಾ ವಸ್ತುಗಳ ಬೆಲೆ ಕುಸಿಯುತ್ತದೆ. ದುಡಿಯಲು ಹೋದವರು ಮನೆಗೆ ಕಳಿಸುವ ಹಣ ಕಡಿಮೆಯಾಗಬಹುದು. ಇವೆಲ್ಲ ತಿಂಗಳುಗಟ್ಟಲೆ ನಡೆಯುವ ಕ್ರಿಯೆಗಳು. ನಾಲ್ಕನೆಯ ದಾರಿ ಹಾಗಲ್ಲ. ನ್ಯೂಯಾರ್ಕ್, ಲಂಡನ್‌ನ ಹೂಡಿಕೆದಾರರು ಹೆದರಿದಾಗ ದೂರದ ದೇಶಗಳ ಷೇರು, ಬಾಂಡ್ ಮಾರಿ ಡಾಲರ್ ಹಿಂದಕ್ಕೆ ಒಯ್ಯುತ್ತಾರೆ. ಅದಕ್ಕೆ ವಾರವೂ ಬೇಡ. 2020ರ ಮಾರ್ಚ್ ಒಂದೇ ತಿಂಗಳಲ್ಲಿ ಉದಯೋನ್ಮುಖ ದೇಶಗಳಿಂದ 8,000 ಕೋಟಿ ಡಾಲರ್‌ಗೂ ಹೆಚ್ಚು ಹೂಡಿಕೆ ಹೊರಬಿದ್ದಿತು. ಬಿಕ್ಕಟ್ಟು ಹುಟ್ಟಿದ್ದು ಅಮೆರಿಕದಲ್ಲೇ ಆದರೂ ಭಯಪಟ್ಟ ಹಣ ಓಡುವುದು ಅಮೆರಿಕದ ಸರ್ಕಾರಿ ಬಾಂಡ್‌ಗಳ ಕಡೆಗೇ. ಇದು ಅನ್ಯಾಯ ಅನ್ನಿಸಿದರೂ ಇರುವ ವಾಸ್ತವ ಇದೇ.

ಈ ಓಟ ಒಂದು ದೇಶವನ್ನು ಮುರಿಯುತ್ತದೆಯೋ ಇಲ್ಲವೋ ಎಂಬುದು ಸಾಲ ಯಾವ ನಾಣ್ಯದಲ್ಲಿದೆ ಎಂಬುದರ ಮೇಲೆ ನಿಂತಿದೆ. 1997ರ ಇಂಡೊನೇಷ್ಯಾವನ್ನು ನೋಡಿ. ಬಿಕ್ಕಟ್ಟಿಗೆ ಮೊದಲು ಒಂದು ಡಾಲರ್‌ಗೆ ಸುಮಾರು 2,400 ರುಪಿಯಾ. ಜಕಾರ್ತಾದ ಒಂದು ಕಂಪನಿ ಹತ್ತು ಲಕ್ಷ ಡಾಲರ್ ಸಾಲ ಮಾಡಿದೆ ಎಂದುಕೊಳ್ಳೋಣ. ಅದರ ಪುಸ್ತಕದಲ್ಲಿ ಸಾಲ 240 ಕೋಟಿ ರುಪಿಯಾ. 1997ರ ಜುಲೈ 2ರಂದು ಥಾಯ್ಲೆಂಡ್ ತನ್ನ ಬಾತ್ ನಾಣ್ಯವನ್ನು ಹಿಡಿದಿಟ್ಟುಕೊಳ್ಳಲಾಗದೆ ಕೈಬಿಟ್ಟಿತು, ಭಯ ಅಕ್ಕಪಕ್ಕಕ್ಕೆ ಹಬ್ಬಿತು. ಮರುವರ್ಷದ ಜನವರಿಯಲ್ಲಿ ಡಾಲರ್ ಬೆಲೆ 14,000 ರುಪಿಯಾ ದಾಟಿತು. ಅದೇ ಕಂಪನಿಯ ಸಾಲ ಈಗ 1,400 ಕೋಟಿ. ಕಂಪನಿ ಹೊಸದಾಗಿ ಒಂದು ಪೈಸೆ ಸಾಲ ಮಾಡಿಲ್ಲ, ಮಾರಾಟ ಹೆಚ್ಚಿಲ್ಲ, ಗ್ರಾಹಕರು ಕೊಡುವುದು ರುಪಿಯಾದಲ್ಲೇ. ಇಂಥ ಸಾವಿರಾರು ಕಂಪನಿಗಳು ಒಟ್ಟಿಗೆ ಮುಳುಗಿದಾಗ ಅವುಗಳಿಗೆ ಸಾಲ ಕೊಟ್ಟ ಬ್ಯಾಂಕುಗಳೂ ಮುಳುಗಿದವು. 1998ರ ಮೇ ತಿಂಗಳಲ್ಲಿ ಮೂರು ದಶಕ ಆಳಿದ ಸುಹಾರ್ತೊ ಗದ್ದುಗೆ ಬಿಡಬೇಕಾಯಿತು. ದಕ್ಷಿಣ ಕೊರಿಯಾದ್ದೂ ಡಾಲರ್ ಸಾಲದ ಕಥೆಯೇ. ದೇಶದ ಸಾಲ ತೀರಿಸಲು ಅಲ್ಲಿನ ಲಕ್ಷಾಂತರ ಜನ ಮದುವೆಯ ಉಂಗುರ, ಮಕ್ಕಳ ಹುಟ್ಟುಹಬ್ಬಕ್ಕೆ ಬಂದ ಚಿನ್ನವನ್ನು ಸರದಿ ನಿಂತು ಕೊಟ್ಟರು. 200 ಟನ್‌ಗೂ ಹೆಚ್ಚು ಚಿನ್ನ ಸೇರಿತು.

ಸಾಲದ ನಾಣ್ಯ ಬದಲಾದರೆ ಅದೇ ಪೆಟ್ಟು ಹೇಗೆ ಬೇರೆಯಾಗುತ್ತದೆ ಎಂಬುದಕ್ಕೆ ಬ್ರೆಜಿಲ್‌ಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2002ರಲ್ಲಿ ಅಲ್ಲಿನ ಸರ್ಕಾರದ ಸಾಲದ ದೊಡ್ಡ ಪಾಲು ಡಾಲರ್‌ನಲ್ಲಿತ್ತು, ಇಲ್ಲವೇ ಡಾಲರ್ ದರಕ್ಕೆ ಕಟ್ಟಿಹಾಕಿತ್ತು. ರಿಯಾಲ್ ನಾಣ್ಯ ಡಾಲರ್‌ಗೆ ಹತ್ತಿರಹತ್ತಿರ ನಾಲ್ಕಕ್ಕೆ ಕುಸಿದಾಗ ಸರ್ಕಾರದ ಸಾಲ ತಾನಾಗಿಯೇ ಉಬ್ಬಿತು. ನಾಣ್ಯ ಉಳಿಸಿಕೊಳ್ಳಲು ಬಡ್ಡಿ ಏರಿಸಬೇಕಾಯಿತು, ಬಡ್ಡಿ ಏರಿದ್ದರಿಂದ ಉದ್ಯಮ ಇನ್ನಷ್ಟು ಸೊರಗಿತು. ಮುಂದಿನ ಐದು ವರ್ಷ ಕಬ್ಬಿಣದ ಅದಿರು, ಸೋಯಾ ಒಳ್ಳೆಯ ಬೆಲೆಗೆ ಹೋದವು. ಆ ಕಾಲದಲ್ಲಿ ಬ್ರೆಜಿಲ್ ಡಾಲರ್ ಸಾಲವನ್ನು ತೀರಿಸುತ್ತಾ ಸ್ವಂತ ನಾಣ್ಯದ ಬಾಂಡ್‌ಗಳಿಗೆ ಬದಲಾಯಿಸಿಕೊಂಡಿತು. 2005ರ ಡಿಸೆಂಬರ್‌ನಲ್ಲಿ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಸಾಲವನ್ನು ಅವಧಿಗೆ ಮುಂಚೆಯೇ ಚುಕ್ತಾ ಮಾಡುವುದಾಗಿ ಘೋಷಿಸಿತು. 2008ರ ಹೊತ್ತಿಗೆ ಅದು ಕೊಡಬೇಕಾದ ಡಾಲರ್‌ಗಿಂತ ಕೈಯಲ್ಲಿದ್ದ ಡಾಲರ್ ಹೆಚ್ಚಿತ್ತು. ಆ ವರ್ಷದ ಕೊನೆಯಲ್ಲೂ ರಿಯಾಲ್ ಜೋರಾಗಿಯೇ ಬಿದ್ದಿತು. ಆದರೆ ಈ ಸಲ ಬಿದ್ದಷ್ಟೂ ಕೈಯಲ್ಲಿದ್ದ ಡಾಲರ್‌ನ ಬೆಲೆ ಏರಿ ಸರ್ಕಾರದ ನಿವ್ವಳ ಸಾಲದ ಹೊರೆ ಇಳಿಯಿತು. ಹಾಗಾಗಿ ಕೇಂದ್ರ ಬ್ಯಾಂಕ್ ಬಡ್ಡಿಯನ್ನು ಶೇ 13.75ರಿಂದ 2009ರ ಜುಲೈ ವೇಳೆಗೆ ಶೇ 8.75ಕ್ಕೆ ಇಳಿಸಲು ಸಾಧ್ಯವಾಯಿತು. ಹಿಂಜರಿತದಲ್ಲಿ ಬಡ್ಡಿ ಇಳಿಸುವುದು ಅಮೆರಿಕಕ್ಕೆ ಮಾಮೂಲಿ ಸಂಗತಿ. ಬ್ರೆಜಿಲ್‌ನಂಥ ದೇಶಕ್ಕೆ ಅದು ಬಹಳ ಕಷ್ಟಪಟ್ಟು ಗಳಿಸಿಕೊಂಡ ಸ್ವಾತಂತ್ರ್ಯ.

ಭಾರತವೂ ಈ ಪಾಠವನ್ನು ಅವಮಾನದ ಮೂಲಕವೇ ಕಲಿತದ್ದು. 1990ರಲ್ಲಿ ಇರಾಕ್ ಕುವೈತ್ ಮೇಲೆ ದಾಳಿ ಮಾಡಿದ ಮೇಲೆ ತೈಲ ದುಬಾರಿಯಾಯಿತು, ಆ ದೇಶಗಳಿಂದ ಬರುತ್ತಿದ್ದ ಹಣಕ್ಕೆ ಕತ್ತರಿ ಬಿತ್ತು, ಅನಿವಾಸಿಗಳು ಠೇವಣಿ ಹಿಂತೆಗೆದುಕೊಳ್ಳತೊಡಗಿದರು. 1991ರ ಮಧ್ಯದಲ್ಲಿ ದೇಶದ ಕೈಯಲ್ಲಿದ್ದ ವಿದೇಶಿ ವಿನಿಮಯ ಎರಡು ಮೂರು ವಾರಗಳ ಆಮದಿಗಷ್ಟೇ ಸಾಲುವಂತಿತ್ತು. ಜುಲೈನಲ್ಲಿ ರಿಸರ್ವ್ ಬ್ಯಾಂಕ್ ಸುಮಾರು 47 ಟನ್ ಚಿನ್ನವನ್ನು ಬ್ಯಾಂಕ್ ಆಫ್ ಇಂಗ್ಲೆಂಡ್ ಮತ್ತು ಬ್ಯಾಂಕ್ ಆಫ್ ಜಪಾನ್ ಬಳಿ ಒತ್ತೆಯಿಟ್ಟು ಸುಮಾರು 40 ಕೋಟಿ ಡಾಲರ್ ಪಡೆಯಿತು. 2009ರ ನವೆಂಬರ್‌ನಲ್ಲಿ, ಜಗತ್ತು ಹಿಂಜರಿತದಿಂದ ಇನ್ನೂ ಚೇತರಿಸಿಕೊಳ್ಳುತ್ತಿದ್ದಾಗ, ಅದೇ ರಿಸರ್ವ್ ಬ್ಯಾಂಕ್ ಅಂತರರಾಷ್ಟ್ರೀಯ ಹಣಕಾಸು ನಿಧಿಯಿಂದ 200 ಟನ್ ಚಿನ್ನ ಕೊಂಡುಕೊಂಡಿತು. ಬೆಲೆ ಸುಮಾರು 670 ಕೋಟಿ ಡಾಲರ್.

ಹೀಗೆ ಕೂಡಿಟ್ಟ ವಿದೇಶಿ ವಿನಿಮಯದ ಮೀಸಲು ನಿಜವಾಗಿ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು 2008ರ ಅಕ್ಟೋಬರ್‌ನಲ್ಲಿ ನೋಡಬಹುದು. ವರ್ಷದ ಆರಂಭದಲ್ಲಿ 21,000 ಮುಟ್ಟಿದ್ದ ಸೆನ್ಸೆಕ್ಸ್ ಆ ತಿಂಗಳು ಒಂದು ಹಂತದಲ್ಲಿ 8,000ಕ್ಕಿಂತ ಕೆಳಗಿಳಿಯಿತು. ಹೊರಟ ವಿದೇಶಿ ಹೂಡಿಕೆದಾರರಿಗೆ ಡಾಲರ್ ಬೇಕು. ರಿಸರ್ವ್ ಬ್ಯಾಂಕ್ ತನ್ನ ಮೀಸಲಿನಿಂದ ಡಾಲರ್ ಮಾರಿತು. ಆದರೆ ಮಾರಿದಷ್ಟೂ ರೂಪಾಯಿ ರಿಸರ್ವ್ ಬ್ಯಾಂಕಿನೊಳಗೆ ಬಂದು ಸೇರುತ್ತದೆ, ದೇಶದೊಳಗೆ ಹಣದ ಅಭಾವವಾಗುತ್ತದೆ, ಬ್ಯಾಂಕುಗಳು ಒಬ್ಬರಿಗೊಬ್ಬರು ಸಾಲ ಕೊಡಲು ಹಿಂಜರಿಯುತ್ತವೆ. ರೋಗದ ಬದಲು ಔಷಧಿಯೇ ಕೊಲ್ಲಬಹುದಾದ ಘಟ್ಟ ಇದು. ಆಗ ಉಪಯೋಗಕ್ಕೆ ಬಂದದ್ದು ನಗದು ಮೀಸಲು ಅನುಪಾತ, ಅಂದರೆ ಸಿಆರ್‌ಆರ್. ನೀವು ಬ್ಯಾಂಕಿನಲ್ಲಿಟ್ಟ ನೂರು ರೂಪಾಯಿಯಲ್ಲಿ ಒಂಬತ್ತು ರೂಪಾಯಿಯನ್ನು ಆ ಬ್ಯಾಂಕ್ ರಿಸರ್ವ್ ಬ್ಯಾಂಕಿನಲ್ಲಿ ಇಡಬೇಕಿತ್ತು. ಅಕ್ಟೋಬರ್‌ನಿಂದ ಜನವರಿಯೊಳಗೆ ಅದನ್ನು ಹಂತಹಂತವಾಗಿ ಐದು ರೂಪಾಯಿಗೆ ಇಳಿಸಿದರು. ಸುಮಾರು 1.6 ಲಕ್ಷ ಕೋಟಿ ರೂಪಾಯಿ ಬ್ಯಾಂಕುಗಳ ಕೈಗೆ ಮರಳಿತು.

ಆ ಒಂಬತ್ತು ರೂಪಾಯಿ ಅಲ್ಲಿ ಇದ್ದುದಾದರೂ ಏಕೆ? ಅದರ ಹಿಂದಿನ ಐದು ವರ್ಷ ಗವರ್ನರ್ ಆಗಿದ್ದ ವೈ.ವಿ. ರೆಡ್ಡಿ, ಸಾಲ ವಿಪರೀತ ಹಿಗ್ಗುತ್ತಿದ್ದ ಕಾಲದಲ್ಲಿ ಸಿಆರ್‌ಆರ್ ಏರಿಸುತ್ತಾ ಹೋಗಿದ್ದರು. ಕಟ್ಟಡ, ಜಮೀನು ವ್ಯವಹಾರಕ್ಕೆ ಕೊಡುವ ಸಾಲಕ್ಕೆ ಬ್ಯಾಂಕುಗಳು ಹೆಚ್ಚು ಬಂಡವಾಳ ಇಡಬೇಕೆಂದು ಕಟ್ಟುನಿಟ್ಟು ಮಾಡಿದ್ದರು. ಆಗ ಅವರನ್ನು ಬೆಳವಣಿಗೆಯ ವಿರೋಧಿ ಎಂದು ಟೀಕಿಸಿದವರಿಗೆ ಕೊರತೆ ಇರಲಿಲ್ಲ. ಇಳಿಸಲು ಜಾಗ ಇರಬೇಕಾದರೆ ಯಾರಾದರೂ ಮೊದಲು ಏರಿಸಿರಬೇಕು, ಮತ್ತು ಏರಿಸುವವರಿಗೆ ಚಪ್ಪಾಳೆ ಬೀಳುವುದಿಲ್ಲ. ಈ ಕಾರಣಕ್ಕೇ ಇಂಥ ನಿರ್ಧಾರ ಚುನಾವಣೆಯ ಲೆಕ್ಕಾಚಾರದಿಂದ ಸ್ವಲ್ಪ ದೂರದಲ್ಲಿರುವ ಸಂಸ್ಥೆಗಳ ಕೈಯಲ್ಲಿರಬೇಕು ಎಂದು ನಾನು ನಂಬುತ್ತೇನೆ.

ರೂಪಾಯಿ ಬೀಳುವುದನ್ನು ನಾವು ದೇಶದ ಮಾನ ಹೋದಂತೆ ನೋಡುತ್ತೇವೆ. ಹಿಂಜರಿತದ ಕಾಲದಲ್ಲಿ ಅದು ಪೆಟ್ಟನ್ನು ಹೀರಿಕೊಳ್ಳುವ ಮುಖ್ಯ ಸಾಧನ. ಭಾರತದ ಕಾಫಿಯಲ್ಲಿ ಮೂರನೇ ಎರಡು ಪಾಲಿಗೂ ಹೆಚ್ಚು ಕರ್ನಾಟಕದ್ದು, ಅದರಲ್ಲಿ ಬಹುಪಾಲು ಇಟಲಿ, ಜರ್ಮನಿಯಂಥ ದೇಶಗಳಿಗೆ ಹೋಗುತ್ತದೆ. ಹೊರಗೆ ನೂರು ಡಾಲರ್ ಬೆಲೆಯ ಕಾಫಿ 85 ಡಾಲರ್‌ಗೆ ಇಳಿಯಿತು ಎನ್ನೋಣ. ಡಾಲರ್ 40 ರೂಪಾಯಿಯಲ್ಲೇ ನಿಂತಿದ್ದರೆ ಬೆಳೆಗಾರನ ಕೈಗೆ 4,000ದ ಬದಲು 3,400 ರೂಪಾಯಿ. ಡಾಲರ್ 50 ರೂಪಾಯಿಯಾಗಿದ್ದರೆ 4,250. 2008ರ ಆರಂಭದಿಂದ 2009ರ ಮಾರ್ಚ್‌ವರೆಗೆ ಡಾಲರ್ ಹೆಚ್ಚುಕಡಿಮೆ ಇಷ್ಟೇ ದೂರ ಏರಿತ್ತು. ಚಿಕ್ಕಮಗಳೂರು, ಕೊಡಗಿನ ತೋಟಗಳಿಗೂ, ಡಾಲರ್‌ನಲ್ಲಿ ಬಿಲ್ ಮಾಡುವ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೂ ಇದು ಆಸರೆ. ಗೊಬ್ಬರ, ಡೀಸೆಲ್ ದುಬಾರಿಯಾಗುತ್ತದೆ ಎಂಬುದೂ ನಿಜ, ಹಾಗಾಗಿ ಲಾಭವೆಲ್ಲ ಕೈಗೆ ಉಳಿಯುವುದಿಲ್ಲ. 2009ರಲ್ಲಿ ಐರೋಪ್ಯ ಒಕ್ಕೂಟದ ಸದಸ್ಯ ದೇಶಗಳಲ್ಲಿ ಬೆಳವಣಿಗೆ ಕಂಡದ್ದು ಪೋಲೆಂಡ್ ಒಂದೇ. ಅದು ತನ್ನ ಜ್ಲಾಟಿ ನಾಣ್ಯವನ್ನು ಬೀಳಲು ಬಿಟ್ಟಿತ್ತು. ಅಲ್ಲೇ ಹತ್ತಿರದ ಲಾಟ್ವಿಯಾ ತನ್ನ ನಾಣ್ಯವನ್ನು ಯೂರೊಗೆ ಬಿಗಿದು ಕಟ್ಟಿಕೊಂಡಿತ್ತು. ನಾಣ್ಯ ಇಳಿಯಲಾಗದ್ದರಿಂದ ಸಂಬಳಗಳನ್ನೇ ಇಳಿಸಬೇಕಾಯಿತು, ಒಂದೇ ವರ್ಷದಲ್ಲಿ ಆರ್ಥಿಕತೆ ಶೇ 14ಕ್ಕೂ ಹೆಚ್ಚು ಕುಗ್ಗಿತು.

ಶ್ರೀಲಂಕಾದ ಕಥೆ ನಮಗೆಲ್ಲ ನೆನಪಿದೆ, ಅದರಲ್ಲಿ ತಪ್ಪುಗಳೆಲ್ಲ ಒಟ್ಟಿಗೆ ಸೇರಿದ್ದವು. 2019ರ ಕೊನೆಯಲ್ಲಿ ಹೊಸ ಸರ್ಕಾರ ಮೌಲ್ಯವರ್ಧಿತ ತೆರಿಗೆಯನ್ನು ಶೇ 15ರಿಂದ ಶೇ 8ಕ್ಕೆ ಇಳಿಸಿ ಬೊಕ್ಕಸ ಬರಿದು ಮಾಡಿಕೊಂಡಿತು. ಕೋವಿಡ್ ಬಂದು ಪ್ರವಾಸೋದ್ಯಮ ನಿಂತಿತು. ಹೊರಗಿನ ಸಾಲದ ದೊಡ್ಡ ಪಾಲು ಡಾಲರ್ ಬಾಂಡ್‌ಗಳಲ್ಲಿತ್ತು. ಡಾಲರ್‌ಗೆ ಸುಮಾರು 200 ಶ್ರೀಲಂಕಾ ರೂಪಾಯಿ ಎಂಬ ದರವನ್ನು ಹಿಡಿದಿಡಲು ಮೀಸಲನ್ನು ಸುರಿಯುತ್ತಲೇ ಹೋದರು. 2022ರ ಜನವರಿಯಲ್ಲಿ, ಡಾಲರ್ ಇಲ್ಲದೆ ದೇಶದಲ್ಲಿ ಅಗತ್ಯ ವಸ್ತುಗಳ ಆಮದಿಗೇ ತತ್ವಾರವಾಗಿದ್ದಾಗ, 50 ಕೋಟಿ ಡಾಲರ್‌ನ ಒಂದು ಬಾಂಡ್ ಸಾಲವನ್ನು ಗಡುವಿಗೆ ಸರಿಯಾಗಿ ತೀರಿಸಿದರು. ಮಾರ್ಚ್‌ನಲ್ಲಿ ದರವನ್ನು ಕೈಬಿಟ್ಟರು, ಏಪ್ರಿಲ್ 12ರಂದು ವಿದೇಶಿ ಸಾಲ ತೀರಿಸಲಾಗುವುದಿಲ್ಲ ಎಂದು ಘೋಷಿಸಿದರು. ಮೇ ತಿಂಗಳಲ್ಲಿ ಬಳಸಲು ಸಿಗುವ ಮೀಸಲು ಐದು ಕೋಟಿ ಡಾಲರ್‌ಗಿಂತ ಕಡಿಮೆ ಎಂದು ಹಣಕಾಸು ಸಚಿವರೇ ಸಂಸತ್ತಿನಲ್ಲಿ ಹೇಳಿದರು. ಅದೇ ಅವಧಿಯಲ್ಲಿ ಭಾರತದ ಮೀಸಲು 64,000 ಕೋಟಿ ಡಾಲರ್‌ನಿಂದ ಒಂದು ವರ್ಷದಲ್ಲಿ 53,000 ಕೋಟಿಗಿಂತ ಕೆಳಗಿಳಿಯಿತು. ಒಂದು ಪಾಲು ಮೀಸಲಿನಲ್ಲಿದ್ದ ಆಸ್ತಿಗಳ ಬೆಲೆ ಇಳಿದು ಲೆಕ್ಕದಲ್ಲಷ್ಟೇ ಕರಗಿದ್ದು, ಉಳಿದದ್ದು ರೂಪಾಯಿಯ ಕುಸಿತವನ್ನು ನಿಧಾನಗೊಳಿಸಲು ಖರ್ಚಾದದ್ದು. ಪೆಟ್ರೋಲ್ ಬಂಕ್‌ಗಳ ಮುಂದೆ ಸಾಲು ಮಾತ್ರ ಬೆಳೆಯಲಿಲ್ಲ.

ಇದೆಲ್ಲ ಪುಕ್ಕಟೆ ಬರುವುದಿಲ್ಲ. ಮೀಸಲೆಂದರೆ ಬಹುಪಾಲು ಅಮೆರಿಕದಂಥ ದೇಶಗಳ ಸರ್ಕಾರಗಳಿಗೆ ನಾವು ಕಡಿಮೆ ಬಡ್ಡಿಗೆ ಕೊಟ್ಟ ಸಾಲ. ನಮ್ಮ ಸರ್ಕಾರ ಅದೇ ಹೊತ್ತಿಗೆ ಶೇ 7ರ ಆಸುಪಾಸಿನ ಬಡ್ಡಿಗೆ ಸಾಲ ತರುತ್ತಿರುತ್ತದೆ. ಶಾಲೆ, ರಸ್ತೆ, ಆಸ್ಪತ್ರೆಗೆ ಹಣವಿಲ್ಲದ ದೇಶವೊಂದು ಶ್ರೀಮಂತ ದೇಶಕ್ಕೆ ಅಗ್ಗದ ಸಾಲ ಕೊಡುವುದು ನೋಯಿಸುವ ವಿಷಯವೇ. ಆದರೂ ಕೊಲಂಬೊದ ಬೀದಿಗಳನ್ನು ನೋಡಿದ ಮೇಲೆ ಈ ವಿಮೆಯ ಕಂತು ಕಟ್ಟದಿರಿ ಎಂದು ಹೇಳಲು ನನಗೆ ಧೈರ್ಯವಿಲ್ಲ.

ಇನ್ನು, ಕೆಟ್ಟ ಕಾಲದಲ್ಲಿ ಸಡಿಲಿಸಿದ್ದನ್ನು ಮತ್ತೆ ಬಿಗಿ ಮಾಡುವುದು. ಇದರಲ್ಲಿ ಭಾರತ ಎಡವಿತು. 2007-08ರಲ್ಲಿ ಕೇಂದ್ರದ ವಿತ್ತೀಯ ಕೊರತೆ, ಅಂದರೆ ಆದಾಯಕ್ಕಿಂತ ಹೆಚ್ಚಾಗಿ ಮಾಡಿದ ಖರ್ಚು, ಜಿಡಿಪಿಯ ಶೇ 2.5ರಷ್ಟಿತ್ತು. ಕೃಷಿ ಸಾಲ ಮನ್ನಾ, ಆರನೇ ವೇತನ ಆಯೋಗ, ಅಬಕಾರಿ ಸುಂಕ ಕಡಿತ ಎಲ್ಲ ಸೇರಿ ಎರಡೇ ವರ್ಷದಲ್ಲಿ ಅದು ಶೇ 6 ದಾಟಿತು. 2008ರಲ್ಲಿ ಅದು ಬೇಕಿತ್ತು. ಆರ್ಥಿಕತೆ ಚೇತರಿಸಿಕೊಂಡ ಮೇಲೂ ಕೈ ಬಿಗಿಯಾಗಲಿಲ್ಲ. ಬ್ಯಾಂಕುಗಳು ರಸ್ತೆ, ವಿದ್ಯುತ್, ಉಕ್ಕು ಯೋಜನೆಗಳಿಗೆ ಕಣ್ಣುಮುಚ್ಚಿ ಸಾಲ ಕೊಟ್ಟವು. ಬೆಲೆಯೇರಿಕೆಗೆ ಹೆದರಿದ ಜನ ಚಿನ್ನ ಕೊಂಡರು, ಚಿನ್ನದ ಆಮದಿಗೆ ಡಾಲರ್ ಹರಿದುಹೋಯಿತು, 2012-13ರಲ್ಲಿ ಚಾಲ್ತಿ ಖಾತೆ ಕೊರತೆ (ಹೊರದೇಶಗಳ ಜೊತೆಗಿನ ವ್ಯವಹಾರದಲ್ಲಿ ಬಂದದ್ದಕ್ಕಿಂತ ಹೆಚ್ಚಾಗಿ ಹೊರಹೋದ ಹಣ) ಜಿಡಿಪಿಯ ಶೇ 4.8ಕ್ಕೆ ಏರಿತು. 2013ರ ಮೇ ತಿಂಗಳಲ್ಲಿ ಅಮೆರಿಕದ ಫೆಡರಲ್ ರಿಸರ್ವ್ ಅಧ್ಯಕ್ಷ ಬೆನ್ ಬರ್ನಾಂಕಿ, ತಮ್ಮ ಬಾಂಡ್ ಖರೀದಿಯನ್ನು ಕಡಿಮೆ ಮಾಡಬಹುದು ಎಂಬ ಸುಳಿವು ಕೊಟ್ಟರು, ಅಷ್ಟೇ. ಆಗಸ್ಟ್ 28ಕ್ಕೆ ಡಾಲರ್ 68 ರೂಪಾಯಿ ದಾಟಿತು. ಬ್ರೆಜಿಲ್, ಇಂಡೊನೇಷ್ಯಾ, ದಕ್ಷಿಣ ಆಫ್ರಿಕಾ, ಟರ್ಕಿಯ ಜೊತೆ ಭಾರತವನ್ನೂ ‘ದುರ್ಬಲ ಐದು’ ದೇಶಗಳ ಪಟ್ಟಿಗೆ ಸೇರಿಸಿದರು. ಬ್ಯಾಂಕುಗಳ ವಸೂಲಾಗದ ಸಾಲ 2018ರ ಮಾರ್ಚ್‌ನಲ್ಲಿ ಶೇ 11 ದಾಟಿತ್ತು. 2008ರ ಉತ್ತೇಜನದ ಬಿಲ್ಲಿನ ಒಂದು ಭಾಗವನ್ನು ತೆರಿಗೆದಾರರು ಹತ್ತು ವರ್ಷ ತಡವಾಗಿ ಕಟ್ಟಿದರು.

ಬ್ರೆಜಿಲ್ ಈ ವಿಷಯದಲ್ಲಿ ಮುಂದೆ ಒಳ್ಳೆಯ ಮಾದರಿ ಹಾಕಿಕೊಟ್ಟಿತು. ಕೋವಿಡ್ ನಂತರ ಬೆಲೆಗಳು ಏರತೊಡಗಿದಾಗ ಅದರ ಕೇಂದ್ರ ಬ್ಯಾಂಕ್ 2021ರ ಮಾರ್ಚ್‌ನಲ್ಲೇ ಶೇ 2ರಿಂದ ಬಡ್ಡಿ ಏರಿಸಲು ಶುರುಮಾಡಿತು. ಅಮೆರಿಕ ಶುರುಮಾಡಿದ್ದು ಅದಕ್ಕೆ ಒಂದು ವರ್ಷದ ನಂತರ. ಅಮೆರಿಕ ಬಡ್ಡಿ ಏರಿಸಿದಾಗಲೆಲ್ಲ ಒಂದಾದ ಮೇಲೊಂದು ಉದಯೋನ್ಮುಖ ದೇಶ ಬೀಳುವುದು ಹಿಂದಿನ ರೂಢಿ. ಈ ಸಲ ಬ್ರೆಜಿಲ್, ಮೆಕ್ಸಿಕೊ, ಭಾರತ, ಇಂಡೊನೇಷ್ಯಾ ನಿಂತವು. ಬಿದ್ದದ್ದು ಶ್ರೀಲಂಕಾ, ಘಾನಾದಂಥ, ಡಾಲರ್ ಸಾಲದ ಭಾರ ಹೊತ್ತ ಸಣ್ಣ ದೇಶಗಳು.

ಹೀಗೆ ದೇಶ ನಿಂತಿತು ಎಂದಾಗ ನಿಂತವರು ಯಾರು ಎಂದು ಕೇಳಲೇಬೇಕು. 2020ರಲ್ಲಿ ಭಾರತದ ರೂಪಾಯಿ ಕುಸಿಯಲಿಲ್ಲ, ಬ್ಯಾಂಕಿಂಗ್ ವ್ಯವಸ್ಥೆ ಮುಳುಗಲಿಲ್ಲ, ವಿದೇಶಿ ವಿನಿಮಯ ಮೀಸಲು ಹೆಚ್ಚಿತು ಕೂಡ. ಮೇಲೆ ಹೇಳಿದ ಅಳತೆಗೋಲುಗಳ ಪ್ರಕಾರ ಇದು ಯಶಸ್ಸು. ಅದೇ ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಕಲಬುರಗಿ ಕಡೆಯ ಕಟ್ಟಡ ಕಾರ್ಮಿಕರು ಮಕ್ಕಳನ್ನು ಹೆಗಲ ಮೇಲೆ ಹೊತ್ತು ಬೆಂಗಳೂರಿನಿಂದ ಊರ ಕಡೆಗೆ ಹೊರಟಿದ್ದರು. ಕೂಲಿ ನಿಂತ ಮೇಲೆ ಅವರ ಕೈಯಲ್ಲಿ ಒಂದು ವಾರದ ಮೀಸಲೂ ಇರಲಿಲ್ಲ.

ಊರು ಸೇರಿದ ಮೇಲೆ ಅಂಥವರಲ್ಲಿ ಅನೇಕರನ್ನು ಹಿಡಿದದ್ದು ಉದ್ಯೋಗ ಖಾತರಿ ಯೋಜನೆ. ಹಿಂಜರಿತದ ಜೊತೆಗೆ ತಾನಾಗಿಯೇ ಹಿಗ್ಗುವುದು ಇದರ ವಿಶೇಷವಾಗಿತ್ತು: ಕೆಲಸ ಕೇಳಿದವರಿಗೆ ಕೆಲಸ ಕೊಡಬೇಕೆಂದು ಕಾನೂನಿದ್ದುದರಿಂದ, ಕೇಳುವವರು ಹೆಚ್ಚಾದಂತೆ ಖರ್ಚೂ ಏರುತ್ತಿತ್ತು, ಯಾರೂ ಹೊಸ ಪ್ಯಾಕೇಜ್ ರೂಪಿಸುತ್ತಾ ಕೂರಬೇಕಾಗಿರಲಿಲ್ಲ. 2019-20ರಲ್ಲಿ ಸುಮಾರು 265 ಕೋಟಿ ಇದ್ದ ಮಾನವ ದಿನಗಳು (ಒಬ್ಬರ ಒಂದು ದಿನದ ಕೆಲಸವೆಂದರೆ ಒಂದು ಮಾನವ ದಿನ) 2020-21ರಲ್ಲಿ ಸುಮಾರು 389 ಕೋಟಿಗೆ ಏರಿದವು. ಏಳು ಕೋಟಿಗೂ ಹೆಚ್ಚು ಕುಟುಂಬಗಳು ಕೆಲಸ ಪಡೆದವು. ಈ ಕಾನೂನು ಬಂದದ್ದು 2005ರಲ್ಲಿ, ಎಲ್ಲ ಗ್ರಾಮೀಣ ಜಿಲ್ಲೆಗಳಿಗೂ ಹಬ್ಬಿದ್ದು 2008ರ ಏಪ್ರಿಲ್‌ನಲ್ಲಿ. ಇದೂ ಬಿಕ್ಕಟ್ಟಿಗೆ ಮುಂಚೆಯೇ ಕಟ್ಟಿಟ್ಟ ವ್ಯವಸ್ಥೆ. ಊರಿಗೆ ಹೋಗದೆ, ಹೋಗಲಾಗದೆ ಪಟ್ಟಣದಲ್ಲೇ ಉಳಿದ ದಿನಗೂಲಿಯವರಿಗೆ ಇಂಥ ರಾಷ್ಟ್ರಮಟ್ಟದ ಕಾನೂನು ಯಾವುದೂ ಇರಲಿಲ್ಲ. ಕೇರಳ 2010ರಿಂದ ಅಯ್ಯಂಕಾಳಿ ಹೆಸರಿನಲ್ಲಿ, ರಾಜಸ್ಥಾನ 2022ರಲ್ಲಿ ಇಂದಿರಾ ಗಾಂಧಿ ಹೆಸರಿನಲ್ಲಿ ನಗರ ಉದ್ಯೋಗ ಖಾತರಿ ಯೋಜನೆ ತಂದವು. ಇಷ್ಟೊಂದು ಜನ ಪಟ್ಟಣಕ್ಕೆ ಬಂದು ದುಡಿಯುತ್ತಿರುವಾಗ, ವಿದೇಶಿ ವಿನಿಮಯದ ಮೀಸಲಿಗೆ ಕೊಟ್ಟಷ್ಟೇ ಗಮನವನ್ನು ದೆಹಲಿ ಇದಕ್ಕೂ ಕೊಡಬೇಕಿದೆ, ಅದೂ ಮುಂದಿನ ಹಿಂಜರಿತ ಬರುವ ಮೊದಲು.